ಮೂರು ನೆಕ್‌ಬ್ಯಾಂಡ್‌ಗಳು, ಒಂದು ಜೊತೆ ಕಿವಿ

ಕಡಿಮೆ ಬೆಲೆಯ ಮೂರು ನೆಕ್‌ಬ್ಯಾಂಡ್ ಇಯರ್‌ಫೋನ್‌ಗಳನ್ನು ಒಂದಾದ ಮೇಲೊಂದರಂತೆ, ತಲಾ ಮೂರು ವಾರ, ದಿನಕ್ಕೆ ನಾಲ್ಕೈದು ಗಂಟೆ ಬಳಸಿ ನೋಡಿದ್ದೇನೆ. ಮೊದಲನೆಯದರ ಪಟ್ಟಿ ಬಿಗಿ, ಎರಡನೆಯದರದು ಮೆತ್ತನೆಯ ಸಿಲಿಕೋನ್. ಮೂರನೆಯದರ ಬಡ್‌ಗಳು ಕಿವಿಯ ನಾಳದೊಳಗೆ ಇಳಿಯದೆ ಹೊರಗಿನ ಬಟ್ಟಲಿನಲ್ಲೇ ಕೂರುತ್ತವೆ.

ಮೊದಲನೆಯದರ ಪೆಟ್ಟಿಗೆಯ ಮೇಲೆ 10 ಮಿ.ಮೀ. ಡ್ರೈವರ್ (ಸದ್ದು ಹೊರಡಿಸುವ ಪುಟ್ಟ ಸ್ಪೀಕರ್) ಮತ್ತು ಭರ್ಜರಿ ಬೇಸ್ ಎಂದು ದೊಡ್ಡದಾಗಿ ಅಚ್ಚಾಗಿತ್ತು. ಬೇಸ್ ಇರುವುದೇನೋ ನಿಜ, ಆದರೆ ಅದು ಡ್ರಮ್ಮಿನ ಪೆಟ್ಟಿಗಷ್ಟೇ ಸೀಮಿತವಾಗದೆ ಹಾಡುವ ದನಿಗೆ ಮೈ ತುಂಬುವ 200–300 ಹರ್ಟ್ಸ್ ವಲಯಕ್ಕೂ ಹಬ್ಬಿದ್ದರಿಂದ, ಹಾಡುವವರು ಕಂಬಳಿ ಹೊದ್ದು ಹಾಡುತ್ತಿರುವಂತೆ ಕೇಳಿಸುತ್ತಿತ್ತು. ಬೇರೆ ಬೇರೆ ಸ್ವರಮಟ್ಟಗಳ ಸದ್ದನ್ನು ಏರಿಸಿ ಇಳಿಸುವ ಫೋನಿನ ಈಕ್ವಲೈಸರ್‌ನಲ್ಲಿ 250 ಹರ್ಟ್ಸ್ ಮಟ್ಟವನ್ನು ನಾಲ್ಕು ಡೆಸಿಬೆಲ್ ಇಳಿಸಿದಾಗ ಮಾತಿನ ವ್ಯಂಜನಗಳು ಬಿಡಿಬಿಡಿಯಾಗಿ ತಿಳಿದವು. ಬ್ಲೂಟೂತ್‌ನಲ್ಲಿ ಕಳಿಸಲು ಹಾಡನ್ನು ಕುಗ್ಗಿಸುವ ವಿಧಾನವಾದ ಕೋಡೆಕ್ಕನ್ನು ಎಸ್‌ಬಿಸಿ ಎಂಬುದರಿಂದ ಎಎಸಿ ಎಂಬುದಕ್ಕೆ ಬದಲಿಸಿದಾಗ ಮಾತ್ರ ನನ್ನ ಕಿವಿಗೆ ಯಾವ ವ್ಯತ್ಯಾಸವೂ ಗೊತ್ತಾಗಲಿಲ್ಲ. ಆ ಬಿಗಿ ಪಟ್ಟಿ ಕುತ್ತಿಗೆಯ ಹಿಂಭಾಗವನ್ನು ಒತ್ತುತ್ತಿದ್ದುದರಿಂದ ಒರಗಿ ಕೂತು ಕೇಳುವಂತೆಯೇ ಇರಲಿಲ್ಲ.

ಎರಡನೆಯದು ನನಗೆ ಹೆಚ್ಚು ಕಲಿಸಿತು. ಮೊದಲ ದಿನ ಅದರ ಧ್ವನಿ ತೀರಾ ತೆಳುವೆನಿಸಿ, ಹಿಂದಿರುಗಿಸಿಬಿಡೋಣ ಎಂದುಕೊಂಡಿದ್ದೆ. ಎಡಗಿವಿಯ ಬಡ್ಡನ್ನು ಬೆರಳಿನಿಂದ ಸ್ವಲ್ಪ ಒತ್ತಿ ಹಿಡಿದಾಗ ಕಾಣೆಯಾಗಿದ್ದ ಬೇಸ್ ಒಮ್ಮೆಲೇ ತುಂಬಿಕೊಂಡಿತು. ಬೆರಳು ತೆಗೆದರೆ ಮತ್ತೆ ಮಾಯ. ದೋಷ ಡ್ರೈವರಿನದಲ್ಲ, ಸಿಲಿಕೋನ್ ತುದಿ ನಾಳವನ್ನು ಪೂರ್ತಿ ಮುಚ್ಚುತ್ತಿರಲಿಲ್ಲ, ಆ ಸಂದಿನಿಂದ ಮೊದಲು ಸೋರಿಹೋಗುವುದು ಕೆಳ ಸ್ವರಗಳೇ. ಎಡಗಿವಿಗೆ ದೊಡ್ಡ ತುದಿ, ಬಲಗಿವಿಗೆ ಮಧ್ಯಮ ತುದಿ ಹಾಕಿದ ಮೇಲೆ ಎರಡೂ ಕಡೆ ಸಮವಾಯಿತು. ಎರಡು ಕಿವಿಗಳ ಅಳತೆ ಒಂದೇ ಇರಬೇಕೆಂದೇನಿಲ್ಲ ಎಂಬುದನ್ನು ಕೈಪಿಡಿಯಲ್ಲಿ ಒಂದು ಸಾಲಿನಲ್ಲಾದರೂ ಬರೆಯಬೇಕಿತ್ತು.

ಆದರೂ ಅದರ ತೊಂದರೆ ಅಲ್ಲಿಗೆ ಮುಗಿಯಲಿಲ್ಲ. ಗುಂಡಿಗಳಿರುವ ಬದಿ ಭಾರವಾಗಿರುವುದರಿಂದ ಮೆತ್ತನೆಯ ಪಟ್ಟಿ ನಡೆಯುತ್ತ ನಡೆಯುತ್ತ ಆ ಕಡೆಗೇ ಜಾರುತ್ತದೆ, ಆಗ ಇನ್ನೊಂದು ಬದಿಯ ತಂತಿ ಬಿಗಿಯಾಗಿ, ತಲೆ ತಿರುಗಿಸಿದೊಡನೆ ಬಡ್ಡನ್ನು ಹೊರಕ್ಕೆಳೆಯುತ್ತದೆ, ಬಡ್ ಕೂದಲೆಳೆಯಷ್ಟು ಸರಿದರೂ ಹಾಡು ಮತ್ತೆ ತೆಳುವಾಗುತ್ತದೆ. ಹೀಗಾಗಿ ಧ್ವನಿಯನ್ನೂ ಆರಾಮವನ್ನೂ ಬೇರೆ ಬೇರೆಯಾಗಿ ಅಳೆಯುವುದರಲ್ಲಿ ಅರ್ಥವಿಲ್ಲ ಎಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ. ತಂತಿ ಕಾಲರಿಗೆ ಉಜ್ಜಿದಾಗಲೆಲ್ಲ ಸರಬರ ಸದ್ದು ನೇರ ಕಿವಿಗೇ ಬರುತ್ತದೆ. ನಾಳ ಮುಚ್ಚಿರುವುದರಿಂದ ನಮ್ಮದೇ ಹೆಜ್ಜೆಯ ಸಪ್ಪಳ, ಅಗಿಯುವ ಸದ್ದು ಕೂಡ ಒಳಗೆ ಗುಂಯ್‌ಗುಡುತ್ತವೆ.

ಮೂರನೆಯದರಲ್ಲಿ ಈ ಕಾಟ ಯಾವುದೂ ಇಲ್ಲ. ಎರಡು ಗಂಟೆ ಕಳೆದರೂ ಕಿವಿ ನೋಯಲಿಲ್ಲ, ಕೊಳಲು ಮತ್ತು ಮಾತು ಶುಭ್ರವಾಗಿ ಕೇಳಿದವು. ಆದರೆ ಹೊರಗಿನ ಗದ್ದಲವನ್ನು ಅದು ಸ್ವಲ್ಪವೂ ತಡೆಯದ ಕಾರಣ ರಸ್ತೆಯಲ್ಲಿ ವಾಲ್ಯೂಮನ್ನು ಏರಿಸುತ್ತಲೇ ಹೋಗಬೇಕಾಯಿತು. ವಯಸ್ಕರಿಗೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್ ಎಂಬ ಮಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವಾಗ, ದಿನವೂ ಬಸ್ಸಿನ ಎಂಜಿನ್ನಿನ ಜೊತೆ ಪೈಪೋಟಿಗಿಳಿಯುವ ಸಾಧನವನ್ನು ಪ್ರಯಾಣಕ್ಕೆ ಒಯ್ಯಲು ನನಗೆ ಮನಸ್ಸಾಗುವುದಿಲ್ಲ.

ಕರೆಗಳಲ್ಲಿ ಮೂರೂ ಒಂದೇ. ಮೈಕ್ ಚಾಲೂ ಆದೊಡನೆ ಬ್ಲೂಟೂತ್ ಸಂಗೀತದ ಮಾರ್ಗವನ್ನು ಬಿಟ್ಟು ಕರೆಯ ಕಿರಿದಾದ ಮಾರ್ಗ ಹಿಡಿಯುವುದರಿಂದ ದನಿ ಡಬ್ಬಿಯೊಳಗಿನಿಂದ ಬಂದಂತಿರುತ್ತದೆ. ಪೆಟ್ಟಿಗೆಯ ಮೇಲಿನ ಇಎನ್‌ಸಿ (ಮೈಕಿಗೆ ಬೀಳುವ ಸುತ್ತಲಿನ ಗದ್ದಲವನ್ನು ತಗ್ಗಿಸುವ ವ್ಯವಸ್ಥೆ) ಎಂಬ ಅಕ್ಷರಗಳ ಪ್ರಯೋಜನವೂ ಅತ್ತ ಕೇಳುವವರಿಗೇ ಹೊರತು ನಮಗಲ್ಲ.

ಮೊದಲನೆಯದನ್ನು ಬಿಟ್ಟಿದ್ದೇನೆ. ಮನೆಯಲ್ಲಿ ಮೂರನೆಯದು, ಹೊರಗೆ ಎರಡನೆಯದು. ಅದರ ಎರಡೂ ತಂತಿಗಳನ್ನು ಕುತ್ತಿಗೆಯ ಹಿಂದೆ ಸ್ವಲ್ಪ ಸಡಿಲ ಬಿಟ್ಟು, ಒಂದು ಸಣ್ಣ ಕ್ಲಿಪ್ಪಿನಿಂದ ಕಾಲರಿಗೆ ಸಿಕ್ಕಿಸಿಕೊಳ್ಳುತ್ತೇನೆ. ಪಟ್ಟಿ ಈಗಲೂ ಜಾರುತ್ತದೆ, ಬಡ್ ಮಾತ್ರ ಜಾಗ ಬಿಟ್ಟು ಕದಲುವುದಿಲ್ಲ.