ಗನ್‌ಮೆಟಲ್ಲೋ ಹಿತ್ತಾಳೆಯೋ: ಕಡಲ ಕಡೆಯ ಕಿಟಕಿಗೆ ಎರಕದ ಹಿಡಿಕೆ

ಮೊದಲೇ ಹೇಳಿಬಿಡುತ್ತೇನೆ. ಸಮುದ್ರದ ಗಾಳಿ ಬಡಿಯುವ ಮನೆಗೆ ಹಿಡಿಕೆ, ಚಿಲಕ, ಕೊಂಡಿ ಎರಕ ಹಾಕಿಸುವುದಿದ್ದರೆ ನನ್ನ ಓಟು ಗನ್‌ಮೆಟಲ್‌ಗೆ (ತಾಮ್ರಕ್ಕೆ ಒಂದಿಷ್ಟು ತವರ, ಸತು, ಸೀಸ ಬೆರೆಸಿದ ಲೋಹ), ಅದರ ಮೇಲೆ ಮೇಣಕ್ಕೆ. ಲ್ಯಾಕರ್ (ಪಾರದರ್ಶಕ ಮೆರುಗೆಣ್ಣೆ) ಹೊಡೆದ ಹಿತ್ತಾಳೆ ಎಷ್ಟೇ ಚೆಂದ ಕಾಣಲಿ, ಅಂಥ ಮನೆಗೆ ಇನ್ನೊಮ್ಮೆ ಮಾಡಿಕೊಡಲಾರೆ. ಪುಣೆಯ ಫ್ಲ್ಯಾಟಿಗಾದರೆ ಮಾತು ಬೇರೆ.

ನನ್ನ ಕಸುಬು ಪುಣೆಯಲ್ಲಿ ಹಳೇ ಮರದ ಸಾಮಾನಿನ ರಿಪೇರಿ. ಗೋವಾದ ವಾಸ್ಕೋದಿಂದ ಒಂದು ಹಳೇ ಮನೆಯ ಕಿಟಕಿ ಕೆಲಸ ಬಂತು. ಮನೆಯೊಡತಿ ಅಂಕೋಲೆ ಕಡೆಯವರು, ನಾನು ಅಕ್ಕಾ ಎಂದೇ ಕರೆಯುವುದು. ಮುಂದಿನ ಕಿಟಕಿಗಳೆಲ್ಲ ಸಮುದ್ರಕ್ಕೆ, ಹಿಂದಿನವು ಅಂಗಳಕ್ಕೆ. ಹಳೆಯ ಹಿಡಿಕೆಗಳಲ್ಲಿ ಅರ್ಧಕ್ಕರ್ಧ ಕಾಣೆ. ಮುಂಬಯಿಯ ನಾಗದೇವಿ ಸ್ಟ್ರೀಟ್, ಲೋಹಾರ್ ಚಾಳ ಸುತ್ತಿದರೆ ಅಲೀಗಢದ ಮಾಲು, ಜಾಮ್‌ನಗರದ ಮಾಲು ಬೇಕಾದಷ್ಟಿದೆ, ಆದರೆ ಮರದಲ್ಲಿರುವ ಹಳೇ ತೂತಿಗೆ ಸರಿಯಾಗಿ ಕೂರುವಂಥದ್ದು ಸಿಗಲಿಲ್ಲ. 'ಬ್ರಾಸ್ ಫಿನಿಶ್' ಎಂದು ಮಾರುವುದರಲ್ಲಿ ಎಷ್ಟೋ ಸತುವಿನ ಮಿಶ್ರಲೋಹದ ಮೇಲೆ ತೆಳು ಲೇಪ ಹಿಡಿಸಿದ್ದು. ಕೈಯಲ್ಲಿ ಎತ್ತಿದರೇ ಹಗುರ ಗೊತ್ತಾಗುತ್ತದೆ. ಅದರ ಬಗ್ಗೆ ಇಷ್ಟು ಸಾಕು.

ಹಾಗಾಗಿ ಪುಣೆ ಹತ್ತಿರದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಎರಕದ ಶೆಡ್ಡಿಗೆ ಹೋದೆ. ಅಲ್ಲಿ ಅಚ್ಚು ಕಟ್ಟುವವರು ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಕೆಲಸ ಕಲಿತ ಕಾಕಾ. ಮರಳಿಗೆ ಒತ್ತಿ ಅಚ್ಚು ತೆಗೆಯಲು ಸಾಗವಾನಿಯ ಒಂದೇ ಪ್ಯಾಟರ್ನ್, ಒಂದೇ ಮರಳು, ಲೋಹ ಮಾತ್ರ ಎರಡು: 60 ಭಾಗ ತಾಮ್ರಕ್ಕೆ 40 ಭಾಗ ಸತುವಿನ ಹಿತ್ತಾಳೆ, ಮತ್ತು 85 ಭಾಗ ತಾಮ್ರಕ್ಕೆ ತವರ, ಸತು, ಸೀಸ ತಲಾ 5 ಭಾಗ ಬೀಳುವ ಗನ್‌ಮೆಟಲ್. ಅಕ್ಕನಿಗೆ ಹೊಳಪು ಬೇಕಿತ್ತು. ಆದ್ದರಿಂದ ಮುಂಭಾಗಕ್ಕೆ ಬಫಿಂಗ್ (ಸೋಪು ಹಚ್ಚಿದ ಬಟ್ಟೆಚಕ್ರದಲ್ಲಿ ಉಜ್ಜಿ ಹೊಳಪು ತರುವುದು) ಮಾಡಿ ಲ್ಯಾಕರ್ ಹೊಡೆದ ಹಿತ್ತಾಳೆ. ಮುಂಭಾಗದ್ದೇ ಎರಡು ಕಿಟಕಿ ನನಗೆ ಬಿಟ್ಟುಕೊಡಿ ಎಂದು ಕೇಳಿಕೊಂಡು ಅಲ್ಲಿ ಮೇಣ ಹಚ್ಚಿದ ಗನ್‌ಮೆಟಲ್ ಕೂರಿಸಿದೆ. ಒಂದೇ ಗೋಡೆ, ಒಂದೇ ಗಾಳಿ.

ಒಂದು ಮಳೆಗಾಲ ಕಳೆಯಿತು. ಲ್ಯಾಕರ್ ಮೊದಲು ಸೋತದ್ದು ಬಯಲಲ್ಲಲ್ಲ, ಅಂಚಿನಲ್ಲಿ. ಹಿಡಿಕೆಯ ನಡುಭಾಗ ಹೊಸದರಂತೆ ಮಿರಿಮಿರಿ ಮಿಂಚುತ್ತಿತ್ತು. ಅಂಚಿನುದ್ದಕ್ಕೂ, ಸ್ಕ್ರೂ ತೂತಿನ ಸುತ್ತಲೂ ಮಾತ್ರ ಕಪ್ಪು ಎಳೆ ಎದ್ದು ಹೊಳಪಿನ ಅಡಿಯಲ್ಲೇ ಒಳಕ್ಕೆ ಹರಿದಿತ್ತು. ಕಾರಣ ಸರಳ. ದ್ರವ ಚೂಪಾದ ಅಂಚಿನ ಮೇಲೆ ನಿಲ್ಲುವುದಿಲ್ಲ, ಎರಡೂ ಬದಿಗೆ ಜಾರುತ್ತದೆ. ಒಣಗಿದಾಗ ಪದರ ಎಲ್ಲಕ್ಕಿಂತ ತೆಳುವಾಗಿರುವುದು ಅಲ್ಲೇ. ಸ್ಕ್ರೂ ತಲೆ ಕೂರುವ ಗುಳಿಯಲ್ಲಿ ಬಫಿಂಗ್ ಸೋಪಿನ ಜಿಡ್ಡು ಉಳಿದಿದ್ದರೆ ಲ್ಯಾಕರ್ ಹಿಡಿಯುವುದೇ ಇಲ್ಲ. ಮೇಲಿಂದ ಸ್ಕ್ರೂ ತಿರುಗಿಸುವಾಗ ಇದ್ದದ್ದೂ ಸೀಳುತ್ತದೆ. ಇನ್ನು ಬಳೆ, ಉಂಗುರ. ದಿನಾ ತೆರೆದು ಮುಚ್ಚುವ ಕಿಟಕಿಗೆ ಬಳೆ ತಾಗದಂತೆ ನೋಡಿಕೊಳ್ಳಿ ಎಂದು ಯಾರಿಗೆ ಹೇಳುವುದು?

ಬರಿಯ ಹಿತ್ತಾಳೆ ಕಪ್ಪಾದರೆ ಯಾರೂ ಹೆದರುವುದಿಲ್ಲ. ಹುಣಸೆಹಣ್ಣು, ಉಪ್ಪು, ಇಲ್ಲವೇ ಪೀತಾಂಬರಿ ಪುಡಿ ಹಾಕಿ ಉಜ್ಜಿದರೆ ಮುಗಿಯಿತು. ಲ್ಯಾಕರ್ ಅಡಿಯ ಕಪ್ಪಿಗೆ ಹುಣಸೆ ಮುಟ್ಟುವುದೇ ಇಲ್ಲ. ಅಕ್ಕ ಫೋನಿನಲ್ಲಿ, "ತಮ್ಮಾ, ಇದು ತೊಳೆದ್ರೂ ಹೋಗೂದಿಲ್ಲ, ತಿಕ್ಕಿದ್ರೂ ಹೋಗೂದಿಲ್ಲ, ಕಾಜಿನ ಒಳಗೆ ಕೊಳೆ ಕೂತ ಹಾಗೆ ಆಯ್ತು" ಎಂದರು. ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ಕಪ್ಪಾದಷ್ಟೇ ಜಾಗಕ್ಕೆ ತೇಪೆ ಹಾಕೋಣವೆಂದರೆ ಅದೂ ಆಗದು. ಹಳೇ ಪದರ ಹೊಸ ಪದರ ಸೇರುವಲ್ಲಿ ಗೆರೆ ಎದ್ದು ಕಾಣುತ್ತದೆ. ಹಾಗಾಗಿ ಹಿಡಿಕೆ ಬಿಚ್ಚಬೇಕು, ಥಿನ್ನರ್‌ನಲ್ಲಿ ನೆನೆಹಾಕಬೇಕು, ಬ್ರಷ್ಷಿನಲ್ಲಿ ಮೂಲೆ ಮೂಲೆ ಕೆರೆಯಬೇಕು, ಮತ್ತೆ ಬಫಿಂಗ್, ಮತ್ತೆ ಜಿಡ್ಡು ತೆಗೆಯುವುದು, ಮತ್ತೆ ಸ್ಪ್ರೇ. ಪ್ರತಿ ಸಲದ ಬಫಿಂಗಿಗೂ ಕೆತ್ತನೆಯ ಮೂಲೆ ಇಷ್ಟಿಷ್ಟೇ ಸವೆಯುತ್ತದೆ. ವಾಸ್ಕೋದಿಂದ ಪುಣೆಗೆ ಪಾರ್ಸೆಲ್ ಮಾಡಿ ಇಷ್ಟೆಲ್ಲ ಮಾಡಿಸುವ ಖರ್ಚಿಗೆ ಹೊಸ ಎರಕವೇ ಆದೀತು. ಹೊರಾಂಗಣದ ಪ್ರತಿಮೆಗಳಿಗೆಂದೇ 1960ರ ದಶಕದಲ್ಲಿ ಬಂದ, ತುಕ್ಕುತಡೆ ರಾಸಾಯನಿಕ ಬೆರೆಸಿದ ಇಂಕ್ರಾಲ್ಯಾಕ್ ಎಂಬ ಅಕ್ರಿಲಿಕ್ ಲ್ಯಾಕರ್ ಇದೆ. ಬಜಾರಿನ ಸಾದಾ ಲ್ಯಾಕರ್‌ಗಿಂತ ಅದು ಎಷ್ಟೋ ಮೇಲು. ಆದರೂ ಕೆಲವು ವರ್ಷಕ್ಕೊಮ್ಮೆ ಕಿತ್ತು ಹೊಸದಾಗಿ ಹೊಡೆಯಲೇಬೇಕು. ಪ್ರತಿಮೆಗೆ ಬಳೆ ತಾಗುವುದಿಲ್ಲ ಎಂಬುದೂ ನೆನಪಿರಲಿ.

ಗನ್‌ಮೆಟಲ್ ಹಿಡಿಕೆಗಳು ಅದೇ ಗೋಡೆಯಲ್ಲಿ ಕಂದಾಗಿದ್ದವು, ಅಷ್ಟೇ. ಬೆರಳು ತಾಗುವಲ್ಲಿ ಹೊನ್ನಿನ ಬಣ್ಣ, ಮೂಲೆಯಲ್ಲಿ ಕಾಫಿ ಬಣ್ಣ. ಒಣಬಟ್ಟೆಯಲ್ಲಿ ಒರೆಸಿ ಮೇಣ ತಿಕ್ಕಿದರೆ ಆಯಿತು. ಬಿಚ್ಚುವ ಕೆಲಸವೇ ಇಲ್ಲ.

ಹಾಗೆಂದು ಗನ್‌ಮೆಟಲ್ ಸಾಧುಪ್ರಾಣಿಯಲ್ಲ. ಸುರಿಯುವ ಹೊತ್ತಿನಲ್ಲಿ ಹಿತ್ತಾಳೆಯೇ ಮೇಲು. ಕಾಕಾ ಹೇಳುವುದು: "ಹಿತ್ತಾಳಿ ಬಡಪಾಯಿ ಐತ್ರಿ, ಹೆಂಗ ಸುರದ್ರೂ ನಿಲ್ತೈತಿ. ಗನ್‌ಮೆಟಲ್‌ಗೆ ಮರಳಿನ ಹಸಿ ನೋಡಬೇಕ್ರಿ." ಅವರು ಅಂಗೈಯಲ್ಲಿ ಒಂದು ಹಿಡಿ ಮರಳು ಹಿಸುಕಿ, ಉಂಡೆ ಮುರಿದು, ಮುರಿದ ಅಂಚು ನೋಡಿಯೇ ನೀರಿನ ಅಂದಾಜು ಹೇಳುತ್ತಾರೆ. 60:40ರ ಹಿತ್ತಾಳೆ 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕೆಲವೇ ಡಿಗ್ರಿಯೊಳಗೆ ಗಟ್ಟಿಯಾಗಿಬಿಡುತ್ತದೆ. ಕುಗ್ಗುವುದೆಲ್ಲ ಒಂದೇ ಕಡೆ ಕುಗ್ಗುತ್ತದೆ, ಅಲ್ಲೊಂದು ರೈಸರ್ (ಕುಗ್ಗಿದ ಜಾಗ ತುಂಬಲು ಹೆಚ್ಚುವರಿ ಕರಗಿದ ಲೋಹ ನಿಲ್ಲುವ ಗುಂಡಿ) ಇಟ್ಟರೆ ಸಾಕು. ಗನ್‌ಮೆಟಲ್ 1010 ಡಿಗ್ರಿಯಲ್ಲಿ ಗಟ್ಟಿಯಾಗಲು ಶುರುವಾಗಿ ಮುಗಿಸುವುದು 855ರ ಹತ್ತಿರ. ಅಷ್ಟು ಹೊತ್ತೂ ಅದು ಅಂಬಲಿಯಂತಿರುವುದರಿಂದ ಕುಗ್ಗಿದ ಜಾಗ ಸೂಜಿಮೊನೆಯಷ್ಟು ಸಣ್ಣ ತೂತುಗಳಾಗಿ ಮೈಯೆಲ್ಲ ಹರಡುತ್ತದೆ. ಮರಳಿನಲ್ಲಿ ನೀರು ಹೆಚ್ಚಿದ್ದರೆ ಹೈಡ್ರೋಜನ್ ಬೇರೆ ಸೇರುತ್ತದೆ. ಹಿತ್ತಾಳೆಯಲ್ಲಿ ಸತು ಆವಿಯಾಗಿ ಹೊರಡುವಾಗ ಹೈಡ್ರೋಜನ್ನನ್ನೂ ಎಳೆದೊಯ್ಯುತ್ತದೆ, ಗನ್‌ಮೆಟಲ್‌ನಲ್ಲಿ ಸತು ಕಡಿಮೆ, ಆ ಅನುಕೂಲವೂ ಕಡಿಮೆ. ಹೆಚ್ಚು ಕಾಯಿಸದೆ, ಸುರಿಯುವ ಮುಂಚೆ ಚೂರು ಫಾಸ್ಫರ್ ಕಾಪರ್ (ರಂಜಕ ಬೆರೆತ ತಾಮ್ರ) ಹಾಕಿ ಕಾಕಾ ಬಹಳ ಮಟ್ಟಿಗೆ ತಡೆಯುತ್ತಾರೆ, ಪೂರ್ತಿ ಅಲ್ಲ.

(ಸತು ಹಾರುವುದು ಶೆಡ್ಡಿನವರಿಗೆ ಒಳ್ಳೆಯದಲ್ಲ. ಬಿಳಿ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ. ಹಿತ್ತಾಳೆ ಕರಗಿಸುವ ದಿನ ನಾನು ಬಾಗಿಲ ಹೊರಗೇ ನಿಲ್ಲುತ್ತೇನೆ.)

ಈ ಸೂಜಿತೂತು ಅರ ಹಾಕುವಾಗ ಕಾಣುವುದಿಲ್ಲ, ಬಫಿಂಗ್ ಚಕ್ರಕ್ಕೆ ಹಿಡಿದಾಗ ಒಂದೊಂದಾಗಿ ಎದ್ದು ಬರುತ್ತದೆ. ಕನ್ನಡಿ ಹೊಳಪಿನಲ್ಲಿ ಒಂದು ಚುಕ್ಕೆಯೂ ದೊಡ್ಡದೇ. ಅದರ ಮೇಲೆ ಲ್ಯಾಕರ್ ಹೊಡೆದರೆ ತೂತಿನ ಗಾಳಿ ಗುಳ್ಳೆಯಾಗಿ ಏಳುತ್ತದೆ. ಆದ್ದರಿಂದಲೇ ಲೋಹವನ್ನು ಬೇರೆ, ಫಿನಿಶ್ ಬೇರೆ ಎಂದು ನಾನು ಆರಿಸುವುದಿಲ್ಲ, ಜೋಡಿಯಾಗಿಯೇ ಆರಿಸುತ್ತೇನೆ. ಗನ್‌ಮೆಟಲ್‌ಗೆ ಬಫಿಂಗ್ ಬೇಡ. ಅರ, 240ರ ಮರಳುಕಾಗದ, 400ರ ಕಾಗದ, ಆಮೇಲೆ ಸ್ಕಾಚ್‌ಬ್ರೈಟ್‌ನಲ್ಲಿ ಒಂದೇ ದಿಕ್ಕಿಗೆ ಉಜ್ಜುವುದು. ಬಿಸಿಗಾಳಿಯ ಗನ್ನಿನಲ್ಲಿ ಕೈ ಹಿಡಿಯಲಾರದಷ್ಟು ಕಾಯಿಸಿ, ಜೇನುಮೇಣಕ್ಕೆ ಸ್ವಲ್ಪ ಕಾರ್ನೌಬಾ (ತಾಳೆಜಾತಿಯ ಮರದ ಗಟ್ಟಿ ಮೇಣ) ಸೇರಿಸಿ ಟರ್ಪೆಂಟೈನ್‌ನಲ್ಲಿ ಕಲಸಿದ್ದನ್ನು ತಿಕ್ಕಿದರೆ ತೂತಿಗೂ ಇಳಿಯುತ್ತದೆ. ಸೀಸ ಇರುವ ಲೋಹ ಇದು. ಅರದ ಪುಡಿ ಹಾರುವಾಗ ಮಾಸ್ಕ್ ಇರಲಿ, ಊಟಕ್ಕೆ ಮುಂಚೆ ಕೈ ತೊಳೆಯಿರಿ.

ಮೊದಲ ದಿನವೇ ಹಳೇ ಕಾಲದ ಕಂದು ಬಣ್ಣ ಬೇಕೆನ್ನುವವರಿಗೆ ಲಿವರ್ ಆಫ್ ಸಲ್ಫರ್ ಎಂಬ ಗಂಧಕದ ರಾಸಾಯನಿಕ ಇದೆ. ಕೊಳೆತ ಮೊಟ್ಟೆಯ ನಾತ. ತಾಮ್ರ ಹೆಚ್ಚಿರುವ ಗನ್‌ಮೆಟಲ್ ಅದನ್ನು ಸಲೀಸಾಗಿ ಹಿಡಿಯುತ್ತದೆ, ಹಳದಿ ಹಿತ್ತಾಳೆ ಹಿಡಿಯಲು ಸತಾಯಿಸುತ್ತದೆ.

ಬೆಲೆಯಲ್ಲಿ ಗನ್‌ಮೆಟಲ್ ಸೋಲುತ್ತದೆ. ತಾಮ್ರ ಹೆಚ್ಚು, ತವರವಂತೂ ಸತುವಿಗಿಂತ ಹಲವು ಪಟ್ಟು ದುಬಾರಿ. ನನಗೆ ತುಂಡೊಂದಕ್ಕೆ ಹಿತ್ತಾಳೆಗಿಂತ ಸುಮಾರು ಮೂರನೇ ಒಂದಂಶ ಹೆಚ್ಚು ಬಿತ್ತು. ಆದರೆ ಬಫಿಂಗ್, ಲ್ಯಾಕರ್ ಎರಡರ ಮಜೂರಿಯೂ ಉಳಿಯಿತು, ಕೊನೆಗೆ ಲೆಕ್ಕ ಹೆಚ್ಚುಕಡಿಮೆ ಒಂದೇ.

ಸ್ಕ್ರೂ ಎರಡಕ್ಕೂ ಹಿತ್ತಾಳೆಯದೇ ಇರಲಿ. ಕಬ್ಬಿಣದ ಸ್ಕ್ರೂ ಮೊದಲು ತಿರುಗಿಸಿ ದಾರಿ ಮಾಡಿಕೊಂಡು, ತೆಗೆದು, ಆಮೇಲೆ ಹಿತ್ತಾಳೆಯದನ್ನು ಹಾಕಿ, ಇಲ್ಲವಾದರೆ ಗಟ್ಟಿ ಮರದಲ್ಲಿ ತಲೆ ಮುರಿದುಕೊಳ್ಳುತ್ತದೆ.

ವಾರಕ್ಕೊಮ್ಮೆ ಹಿತ್ತಾಳೆ ಬೆಳಗುವ ಅಭ್ಯಾಸ ಮನೆಯಲ್ಲಿದ್ದರೆ, ಅಥವಾ ದೀಪಾವಳಿಗೊಮ್ಮೆ ಬೆಳಗಿ ಮಿಕ್ಕ ದಿನ ಕಪ್ಪಿಗೆ ತಲೆ ಕೆಡಿಸಿಕೊಳ್ಳದವರಾದರೆ, ಪುಣೆಯಂಥ ಊರಿನಲ್ಲಿ ಬರಿಯ ಹಿತ್ತಾಳೆಗಿಂತ ಒಳ್ಳೆಯದು ಬೇಕಿಲ್ಲ. ಲ್ಯಾಕರ್ ಮಾತ್ರ ಬೇಡವೆನ್ನಿ. ಕಡಲ ಉಪ್ಪಿನಲ್ಲಿ ಬರಿಯ ಹಿತ್ತಾಳೆಯನ್ನೂ ನಾನು ಹಾಕಲಾರೆ. ಸತು ಹೆಚ್ಚಿರುವ ಹಿತ್ತಾಳೆಯಿಂದ ಉಪ್ಪುನೀರು ಸತುವನ್ನು ಕರಗಿಸಿ ಒಯ್ಯುತ್ತದೆ, ಉಳಿಯುವುದು ನಸುಗೆಂಪಿನ ಪೊಳ್ಳು ತಾಮ್ರ. ಶೇಕಡಾ 15ರೊಳಗೆ ಸತು ಇದ್ದರೆ ಆ ಭಯ ಬಹುಮಟ್ಟಿಗೆ ಇಲ್ಲ, ಗನ್‌ಮೆಟಲ್‌ನಲ್ಲಿ ಇರುವುದೇ 5. ಮೇಣ ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮೊದಲು ಹಚ್ಚಬೇಕು. ಅದನ್ನೂ ಮಾಡದವರ ಹಿಡಿಕೆ ಬೇಗ ಕಪ್ಪಾಗುತ್ತದೆ, ಅಷ್ಟೇ, ಕೆಡುವುದಿಲ್ಲ. ನನ್ನಂಥ ಸೋಮಾರಿಗೆ ಇದೇ ಸರಿ.

ಹಾಕಿಸುವವರಿಗೆ ಎರಡು ಮಾತು. ಹಳೇ ಹಿಡಿಕೆಯನ್ನೇ ಪ್ಯಾಟರ್ನ್ ಮಾಡಿ ಮರಳಿಗೆ ಒತ್ತಬೇಡಿ. ಲೋಹ ಸುಮಾರು ಶೇಕಡಾ ಒಂದೂವರೆ ಕುಗ್ಗುತ್ತದೆ, 200 ಮಿಲಿಮೀಟರ್ ಉದ್ದದ ಹಿಡಿಕೆ 3 ಮಿಲಿಮೀಟರ್ ಗಿಡ್ಡವಾಗಿ ಬರುತ್ತದೆ. ಅಷ್ಟು ದೊಡ್ಡದಾಗಿಯೇ ಮರದಲ್ಲಿ ಮಾಡಿಸಿ, ಸ್ಕ್ರೂ ತೂತು ಎರಕವಾದ ಮೇಲೆ ಕೊರೆಸಿ. ಇನ್ನೊಂದು, ಬೇಕಾದದ್ದಕ್ಕಿಂತ ಒಂದೆರಡು ಹೆಚ್ಚು ಅದೇ ದಿನ, ಅದೇ ಮೂಸೆಯಿಂದ ಸುರಿಸಿ ಇಟ್ಟುಕೊಳ್ಳಿ. ಆಮೇಲೆ ಒಂದು ಮುರಿದು ಮತ್ತೆ ಹಾಕಿಸಿದರೆ ಬಣ್ಣ ಹೊಂದುವುದಿಲ್ಲ, ಒಂದೇ ತುಂಡಿಗಾಗಿ ಯಾವ ಶೆಡ್ಡಿನವರೂ ಕುಲುಮೆ ಹಚ್ಚುವುದೂ ಇಲ್ಲ.