ಎರಡು ದೊಡ್ಡ ಸ್ಟೋರ್‌ಗಳ ರೆಸ್ಟ್‌ರೂಮ್: ಒಂದು ಕಪ್ಪು ಮಾರ್ಬಲ್, ಒಂದು ಬಿಳಿ ಟೈಲ್ಸ್

ಎರಡೂ ದುಬಾರಿ ಸ್ಟೋರ್‌ಗಳೇ. ಎರಡು ಕಡೆಗೂ ಅಮ್ಮ ಮತ್ತೆ ನಾಲ್ಕು ವರ್ಷದ ಮಗಳನ್ನ ಕರ್ಕೊಂಡು ಹೋಗಿದ್ದೆ.

ಮಾರ್ಬಲ್ ಕಡೆ ಕಾಲಿಟ್ಟ ತಕ್ಷಣ ಘಮ್ಮಂತ ಪರಿಮಳ, ಎಲ್ಲಾ ಫಳಫಳ ಅಂತಿತ್ತು, ಆದ್ರೆ ಒಳಗೆ ಹೋಗಿ ಚಿಲಕ ಹಾಕಿ ನೋಡಿದ್ರೆ ಬ್ಯಾಗ್ ನೇತುಹಾಕೋಕೆ ಒಂದು ಹುಕ್ ಇಲ್ಲ, ಶೆಲ್ಫೂ ಇಲ್ಲ, ನೆಲ ಬೇರೆ ಒದ್ದೆ, ಪರ್ಸು ಕುತ್ತಿಗೆಗೆ ಹಾಕ್ಕೊಂಡು ಎರಡು ಕವರ್ ತೊಡೆ ಮೇಲಿಟ್ಕೊಂಡೇ ಕೂತಿದ್ದೆ. ಶಾಪಿಂಗ್‌ಗೆ ಬಂದವರ ಕೈ ಖಾಲಿ ಇರಲ್ಲ ಅನ್ನೋದು ಹೊಳೀಲೇ ಇಲ್ವಾ ಇವರಿಗೆ? ಟೈಲ್ಸ್ ಕಡೆ ಬಾಗಿಲ ಹಿಂದೆ ಎರಡು ಹುಕ್, ಒಂದು ಮೇಲೆ, ಒಂದು ಸೊಂಟದ ಎತ್ತರಕ್ಕೆ, ಜೊತೆಗೆ ಕವರ್ ಇಡೋಕೆ ಅಗಲವಾದ ಕಟ್ಟೆ.

ಮಗಳ ವಿಷಯ ಹೇಳ್ಲೇಬೇಕು. ಮಾರ್ಬಲ್ ಕಡೆ ಸೆನ್ಸರ್ ಫ್ಲಶ್, ಇನ್‌ಫ್ರಾರೆಡ್ ಬೆಳಕು ಮೈಗೆ ತಾಗಿ ವಾಪಸ್ ಬಂದ್ರೆ ಯಾರೋ ಕೂತಿದಾರೆ ಅಂತ ಅದು ತಿಳ್ಕೊಳ್ಳುತ್ತೆ, ಪುಟ್ಟ ಮಗು ಸ್ವಲ್ಪ ಮುಂದಕ್ಕೆ ಬಾಗಿದ್ರೆ ಸಾಕು ಎದ್ದು ಹೋದ್ರು ಅನ್ಕೊಂಡು ನೀರು ಬಿಟ್ಬಿಡುತ್ತೆ. ಅವಳು ಕಿರುಚಿ ನನ್ನ ಕತ್ತು ಹಿಡ್ಕೊಂಡ್ಲು. (ಸೆನ್ಸರ್ ಕಣ್ಣಿಗೆ ಒಂದು ಟಿಶ್ಯೂ ಚೂರು ಅಡ್ಡ ಅಂಟಿಸಿದ್ರೆ ಸುಮ್ನಿರುತ್ತೆ, ಆಮೇಲೆ ಗೊತ್ತಾಯ್ತು.) ಹೊರಗೆ ಬಂದ್ರೆ ಜೆಟ್ ಡ್ರೈಯರ್, ಹತ್ತು ಹದಿನೈದು ಸೆಕೆಂಡಲ್ಲಿ ಕೈ ಒಣಗುತ್ತೆ ನಿಜ, ಆದ್ರೆ ಆ ಸದ್ದು ಬರೋದು ಸರಿಯಾಗಿ ಮಗುವಿನ ಕಿವಿ ಎತ್ತರದಲ್ಲೇ. ಟೈಲ್ಸ್ ಕಡೆ ಫ್ಲಶ್‌ಗೆ ಒತ್ತೋ ಬಟನ್, ಅರ್ಧ ನೀರಿಗೊಂದು ಪೂರ್ತಿಗೊಂದು, ಕೈ ಒರೆಸೋಕೆ ಪೇಪರ್. ಕಸ ಜಾಸ್ತಿ ಆಗುತ್ತೆ ಒಪ್ತೀನಿ, ಆದ್ರೂ ನನಗೆ ಪೇಪರೇ ಇಷ್ಟ, ಉಜ್ಜಿ ಒರೆಸಿದಾಗ ಉಳಿದಿರೋ ಕೊಳೆನೂ ಹೋಗುತ್ತೆ.

ಕನ್ನಡಿ ಲೈಟು: ಮಾರ್ಬಲ್ ಕಡೆ ನೆತ್ತಿ ಮೇಲಿಂದ ಬೀಳುತ್ತೆ, ಕಣ್ಣ ಕೆಳಗೆ ನೆರಳು. ಟೈಲ್ಸ್ ಕಡೆ ಕನ್ನಡಿಯ ಎರಡೂ ಪಕ್ಕಕ್ಕಿದೆ, ಮುಖ ಮುಖದ ಥರಾನೇ ಕಾಣುತ್ತೆ.

ಖಾಸಗಿತನದಲ್ಲಿ ಮಾತ್ರ ಮಾರ್ಬಲ್ ಗೆದ್ದಂಗೆ. ನೆಲದಿಂದ ಸೀಲಿಂಗ್‌ವರೆಗೂ ಗೋಡೆ, ಹೊರಗಿನ ದಾರೀನೂ ತಿರುವು ಕೊಟ್ಟು ಮಾಡಿದಾರೆ, ಅಲ್ಲಿ ಬಾಗಿಲೇ ಇಲ್ಲದಿದ್ರೂ ಒಳಗಿನದು ಕಾಣಲ್ಲ, ತೊಳೆದ ಕೈಯಲ್ಲಿ ಬಾಗಿಲ ಹಿಡಿ ಮುಟ್ಟೋ ಅಗತ್ಯಾನೂ ಇಲ್ಲ. ಟೈಲ್ಸ್ ಕಡೆ ಕೆಳಗೆ ಗೇಣುದ್ದ ಸಂದಿ, ಪಕ್ಕದವರ ಚಪ್ಪಲಿ ಕಾಣುತ್ತೆ, ಅದು ನನಗೆ ಹಿಡಿಸ್ಲಿಲ್ಲ.

ಅಮ್ಮಂಗೆ ಮಂಡಿ ನೋವು. 1909ರಲ್ಲಿ ಲಂಡನ್‌ನಲ್ಲಿ ಸೆಲ್ಫ್ರಿಜಸ್ ಅನ್ನೋ ದೊಡ್ಡ ಸ್ಟೋರ್ ಶುರುವಾದಾಗ್ಲೇ ಗಿರಾಕಿಗಳು ಸುಧಾರಿಸ್ಕೊಳ್ಳೋಕೆ ಸೈಲೆನ್ಸ್ ರೂಮ್ ಅಂತ ಇಟ್ಟಿದ್ರು, ಮಾರ್ಬಲ್ ಕಡೆ ಒಂದು ಸ್ಟೂಲೂ ಇಲ್ಲ. ಟೈಲ್ಸ್ ಕಡೆ ಕಮೋಡ್ ಪಕ್ಕ ಗಟ್ಟಿ ಹಿಡಿಕೆ, ಹೊರಗೆ ಕೈ ಇರೋ ಕುರ್ಚಿ. ಅಮ್ಮ ಯಾರ ಸಹಾಯನೂ ಕೇಳ್ದೆ ಎದ್ದು ಬಂದು ಅಲ್ಲಿ ಕೂತು, "ಐದು ನಿಮಿಷ ಇರೇ, ಆಮೇಲೆ ಮೇಲಿನ ಫ್ಲೋರೂ ನೋಡೋಣ" ಅಂದ್ರು.