ಟ್ರಿಪ್ ಬದುಕಿದ, ಯುದ್ಧ ಕೈತಪ್ಪಿತು: ಸ್ಟಾರ್ ಟ್ರೆಕ್ ಮುಂದುವರಿಕೆ ಕಾದಂಬರಿಗಳನ್ನು ಓದಿ ನೋಡಿದಾಗ

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಹನ್ನೊಂದು ಗಂಟೆಗೆ ಅಕ್ಕನ ಮಗಳು ಮೈಸೂರಿನಿಂದ ಫೋನ್ ಮಾಡಿದಳು. ಕುವೆಂಪುನಗರದಲ್ಲಿ ಕೋಣೆ ಮಾಡಿಕೊಂಡು ಓದುತ್ತಿರುವ ಹುಡುಗಿ. ಅಷ್ಟು ಹೊತ್ತಿನಲ್ಲಿ ಫೋನ್ ಬಂದರೆ ಎದೆ ಧಸಕ್ಕೆನ್ನುತ್ತದೆ. ‘ಚಿಕ್ಕಮ್ಮ, ಟ್ರಿಪ್ ಸತ್ತುಹೋದನಲ್ಲ!’ ಎಂದಳು. ಅಳು ಗಂಟಲಲ್ಲೇ ಇತ್ತು. ‘ಸ್ಟಾರ್ ಟ್ರೆಕ್: ಎಂಟರ್‌ಪ್ರೈಸ್’ ಎಂಬ ಅಮೆರಿಕದ ಬಾಹ್ಯಾಕಾಶ ಧಾರಾವಾಹಿಯ ಕೊನೆಯ ಕಂತನ್ನು ಆಗಷ್ಟೇ ನೋಡಿ ಮುಗಿಸಿದ್ದಳು. ಮಾರನೆಯ ದಿನ ಮತ್ತೆ ಕೇಳಿದಳು: ‘ಮುಂದಿನ ಕಥೆ ಪುಸ್ತಕಗಳಲ್ಲಿ ಬಂದಿದೆಯಂತೆ. ಯಾವುದನ್ನು ತರಿಸಲಿ?’

ಫೋನಿನಲ್ಲಿ ಹೇಳಿ ಮುಗಿಸುವ ಉತ್ತರವಲ್ಲ ಅದು. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ಕೆಲಸಕ್ಕಾಗಿ ದಿನವೂ ರೈಲಿನಲ್ಲಿ ಹೋಗಿಬರುವ ನಾನು ಈ ಕಾದಂಬರಿಗಳನ್ನೆಲ್ಲ ವರ್ಷಗಟ್ಟಲೆ ಆ ಬೋಗಿಗಳಲ್ಲೇ ಓದಿದ್ದೇನೆ. ಕೆಲವು ಹಳೆಯ ಪುಸ್ತಕದ ಅಂಗಡಿಯಲ್ಲಿ ಸಿಕ್ಕವು, ಕೆಲವನ್ನು ಮೊಬೈಲಿನಲ್ಲಿ ಓದಿದೆ. ಅವಳಿಗಾಗಿ ಮೂರು ಸಾಲುಗಳನ್ನು ಮತ್ತೆ ಕೈಗೆತ್ತಿಕೊಂಡೆ: ‘ಎಂಟರ್‌ಪ್ರೈಸ್’, ‘ಡೀಪ್ ಸ್ಪೇಸ್ ನೈನ್’ ಮತ್ತು ‘ವಾಯೇಜರ್’ ಧಾರಾವಾಹಿಗಳು ನಿಂತ ಮೇಲೆ ಅವುಗಳ ಕಥೆಯನ್ನು ಮುಂದಕ್ಕೆ ಒಯ್ದ ಕಾದಂಬರಿಗಳು. ಮೂರೂ ನನಗೆ ಬೇರೆಬೇರೆ ಬಗೆಯಲ್ಲಿ ನಿರಾಸೆ ತಂದಿವೆ. ಒಂದು ಮಾತ್ರ ನಿರಾಸೆಗೆ ಮೊದಲು ತುಂಬ ಸಂತೋಷವನ್ನೂ ಕೊಟ್ಟಿದೆ.

ಮೊದಲು ಎಂಟರ್‌ಪ್ರೈಸ್ ಎಂಬ ನೌಕೆಯ ಎಂಜಿನಿಯರ್ ಟ್ರಿಪ್‌ನ ವಿಷಯ. ‘ಎಂಟರ್‌ಪ್ರೈಸ್’ 2001ರಲ್ಲಿ ಆರಂಭವಾಗಿ ನಾಲ್ಕು ಸರಣಿ, 98 ಕಂತುಗಳಿಗೆ ನಿಂತಿತು. 2005ರ ಮೇ 13ರಂದು ಪ್ರಸಾರವಾದ ಕೊನೆಯ ಕಂತು ಈ ನೌಕೆಯವರ ಕಥೆಯಾಗಿ ಉಳಿಯಲೇ ಇಲ್ಲ. ಇನ್ನೊಂದು ಧಾರಾವಾಹಿಯ ರೈಕರ್ ಎರಡು ಶತಮಾನಗಳ ಆಚೆ, ನಡೆದದ್ದನ್ನು ಕಣ್ಣೆದುರು ಮರುಸೃಷ್ಟಿಸುವ ಹೋಲೋಡೆಕ್ ಎಂಬ ಕೋಣೆಯಲ್ಲಿ ನಿಂತು, ತನ್ನದೊಂದು ತೊಳಲಾಟಕ್ಕೆ ದಾರಿ ಹುಡುಕಲು ಇವರ ಕೊನೆಯ ದಿನಗಳನ್ನು ನೋಡುತ್ತಾನೆ. ಆ ನೋಟದ ನಡುವೆ, ನೌಕೆಯೊಳಗೆ ನುಗ್ಗಿದವರಿಂದ ಕ್ಯಾಪ್ಟನ್ ಆರ್ಚರ್‌ನನ್ನು ಉಳಿಸಲು ಟ್ರಿಪ್ ಸ್ಫೋಟ ಮಾಡಿಕೊಂಡು ಸಾಯುತ್ತಾನೆ. ಹಲವು ಲೋಕಗಳ ಒಕ್ಕೂಟವಾದ ಫೆಡರೇಷನ್ ಹುಟ್ಟುವ ಸಮಾರಂಭಕ್ಕೆ ಆರ್ಚರ್ ಬರೆದ ಭಾಷಣವನ್ನಾದರೂ ಕೇಳಿಸುತ್ತಾರೇನೋ ಎಂದು ಕಾದರೆ ಅದೂ ಇಲ್ಲ. ನಾಲ್ಕು ವರ್ಷ ಜೊತೆಗಿದ್ದವರನ್ನು ಕಳುಹಿಸಿಕೊಡುವ ರೀತಿ ಅದಲ್ಲ. ಹುಡುಗಿಯ ಸಂಕಟ ನನಗೆ ಪೂರ್ತಿ ಅರ್ಥವಾಗುತ್ತದೆ.

ಹೀಗೆ ಬಿಟ್ಟುಹೋದ ಕಥೆಯನ್ನು ಇನ್ನೊಬ್ಬರು ಮುಂದುವರಿಸುವುದು ತಪ್ಪು ಎನ್ನುವವರೊಡನೆ ನನಗೆ ಜಗಳವಿದೆ. ನಾವು ‘ಕಾದಂಬರಿ’ ಎಂದು ಕರೆಯುವ ಪ್ರಕಾರದ ಹೆಸರೇ ಬಾಣಭಟ್ಟ ಮುಗಿಸದೆ ಬಿಟ್ಟು, ಅವನ ಮಗ ಪೂರೈಸಿದ ಕೃತಿಯಿಂದ ಬಂದದ್ದು. ಕಥೆ ನಡುವೆಯೇ ನಿಂತದ್ದಕ್ಕೆ ಸಜ್ಜನರಿಗಾದ ದುಃಖವನ್ನು ಕಂಡು ಕೈಹಾಕಿದ್ದೇನೆ, ಕವಿಯೆಂಬ ದರ್ಪದಿಂದಲ್ಲ ಎಂದು ಆ ಮಗ ಹೇಳಿಕೊಳ್ಳುತ್ತಾನೆ. ಓದುಗರ ದುಃಖವೇ ಕಾರಣವಾದರೆ ಸಾಕು, ಆ ಕೆಲಸಕ್ಕೆ ಬೇರೆ ಅಪ್ಪಣೆ ಬೇಡ. ಆದರೆ ಆ ದುಃಖ ಯಾವುದೆಂದು ಬರೆಯುವವರು ಸರಿಯಾಗಿ ತಿಳಿದಿರಬೇಕು.

‘ಎಂಟರ್‌ಪ್ರೈಸ್’ ಸಾಲಿನಲ್ಲಿ ಎಡವಿದ್ದು ಅಲ್ಲಿಯೇ. 2007ರ ‘ದ ಗುಡ್ ದಟ್ ಮೆನ್ ಡು’ ಕಾದಂಬರಿ ಟ್ರಿಪ್‌ನ ಸಾವನ್ನು ಕೈಗೆತ್ತಿಕೊಳ್ಳುತ್ತದೆ. ಮುದುಕರಾದ ಜೇಕ್ ಸಿಸ್ಕೋ ಮತ್ತು ನಾಗ್ ಎಂಬ ಇಬ್ಬರು ಗೆಳೆಯರು, ಇಬ್ಬರೂ ‘ಡೀಪ್ ಸ್ಪೇಸ್ ನೈನ್’ ಧಾರಾವಾಹಿಯವರು, ಜೊತೆಯಲ್ಲಿ ಕುಳಿತು ಹಳೆಯ ದಾಖಲೆಯೊಂದನ್ನು ಬಿಡಿಸಿ ನೋಡುತ್ತಾರೆ. ನಾವು ತೆರೆಯ ಮೇಲೆ ಕಂಡದ್ದು ತಿದ್ದಿದ ಇತಿಹಾಸ, ಟ್ರಿಪ್ ಸತ್ತಂತೆ ತೋರಿಸಿ ಭೂಮಿಯ ಶತ್ರುಗಳಾದ ರೊಮ್ಯುಲನ್ನರ ನಡುವೆ ಗೂಢಚಾರನಾಗಿ ಹೋಗಿದ್ದಾನೆ ಎಂದು ಅಲ್ಲಿ ತಿಳಿಯುತ್ತದೆ. ಮೊದಲ ಸಲ ಓದಿದಾಗ ರೈಲು ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ಸೇತುವೆಯ ಮೇಲಿತ್ತು. ಪುಸ್ತಕವನ್ನು ತೊಡೆಯ ಮೇಲೆ ಮಗುಚಿಟ್ಟು ಹೊಳೆಯನ್ನು ನೋಡುತ್ತ ಕುಳಿತದ್ದು, ಎದುರಿನ ಸೀಟಿನ ಹೂವಿನ ಬುಟ್ಟಿಯಿಂದ ಸೇವಂತಿಗೆಯ ವಾಸನೆ ಬರುತ್ತಿದ್ದದ್ದು ಈಗಲೂ ನೆನಪಿದೆ. ಬದುಕಿದ್ದಾನೆ! ಅಷ್ಟೇ ಸಾಕಾಗಿತ್ತು ಆ ಹೊತ್ತಿಗೆ.

ಎರಡನೆಯ ಸಲ ಓದುವಾಗ ಬೇರೆಯದೇ ಕಂಡಿತು. ಪುಸ್ತಕದ ಶಕ್ತಿಯೆಲ್ಲ ಹಿಂದಿನ ತಪ್ಪನ್ನು ಸರಿಪಡಿಸುವುದಕ್ಕೇ ಹೋಗಿದೆ. ಕಂತಿನಲ್ಲಿ ಹೊಂದಿಕೆಯಾಗದೆ ಉಳಿದ ಸಂಗತಿಗಳಿಗೆಲ್ಲ ಒಂದೊಂದು ಸಮಜಾಯಿಷಿ. ಟ್ರಿಪ್ ಬದುಕಿದ ನಿಜ, ಆದರೆ ನಾವು ಪ್ರೀತಿಸಿದ ಟ್ರಿಪ್ ಯಾರು? ಎಂಜಿನ್ ಕೋಣೆಯಲ್ಲಿ ತೋಳು ಮಡಿಸಿಕೊಂಡು ನಿಲ್ಲುವವನು, ಸಹೋದ್ಯೋಗಿ ಟಿ’ಪಾಲ್ ಜೊತೆ ವಾದಕ್ಕಿಳಿಯುವವನು, ಆರ್ಚರ್‌ನ ಪಕ್ಕದಲ್ಲಿ ಸದಾ ಇರುವವನು. ಅವನನ್ನು ಆ ಇಬ್ಬರಿಂದಲೂ ದೂರ ಮಾಡಿ, ಮುಖ ಬದಲಿಸಿ, ಶತ್ರುಗಳ ಊರಿನಲ್ಲಿ ಒಂಟಿಯಾಗಿ ಇರಿಸಿದರೆ ಉಳಿಯುವುದು ಹೆಸರು ಮಾತ್ರ. ಸಾವನ್ನು ಅಳಿಸಿದರೂ ಅಗಲಿಕೆ ಹಾಗೆಯೇ ಉಳಿಯಿತು.

ಅದಕ್ಕಿಂತ ದೊಡ್ಡ ನಷ್ಟ ಯುದ್ಧದ್ದು. ಭೂಮಿಗೂ ರೊಮ್ಯುಲನ್ನರಿಗೂ ನಡೆದ ಯುದ್ಧದ ಪ್ರಸ್ತಾಪ ಮೊದಲು ಬಂದದ್ದು 1966ರ ಒಂದು ಕಂತಿನಲ್ಲಿ. ಒಬ್ಬರ ಮುಖವನ್ನು ಒಬ್ಬರು ನೋಡದೆಯೇ ಹೋರಾಡಿದ ಯುದ್ಧ ಅದು ಎಂದು ಆಗಲೇ ಹೇಳಿದ್ದರು. ಎಷ್ಟು ದೊಡ್ಡ ಅವಕಾಶ! ‘ಎಂಟರ್‌ಪ್ರೈಸ್’ ಆ ಯುದ್ಧದ ಹೊಸ್ತಿಲಿಗೆ ಬಂದು ನಿಂತುಹೋಯಿತು. ಹಾಗಾಗಿ ಅಭಿಮಾನಿಗಳ ಆಸೆಯೆಲ್ಲ ಕಾದಂಬರಿಗಳ ಮೇಲಿತ್ತು. 2008ರ ‘ಕೋಬಯಾಶಿ ಮಾರು’ ಆ ಆಸೆಯನ್ನು ಹೆಚ್ಚಿಸಿತು. ದೂರದಿಂದಲೇ ನೌಕೆಗಳ ಹಿಡಿತ ಕಸಿದುಕೊಳ್ಳುವ ಶತ್ರು ಎದುರಿಗಿದ್ದಾಗ, ಆಪತ್ತಿನಲ್ಲಿರುವ ನೌಕೆಯೊಂದನ್ನು ಬಿಟ್ಟುಹೋಗಬೇಕಾಗಿ ಬಂದ ಆರ್ಚರ್‌ನ ಸಂಕಟ ಅದರಲ್ಲಿ ಚೆನ್ನಾಗಿ ಬಂದಿದೆ. ಯುದ್ಧದ ಮೊದಲ ಭಾಗವಾದ ‘ಬಿನೀತ್ ದ ರಾಪ್ಟರ್ಸ್ ವಿಂಗ್’ 2009ರಲ್ಲಿ ಬಂತು. ನಿಧಾನವಾದ, ಹರಡಿಕೊಂಡ ಪುಸ್ತಕ. ಪರವಾಗಿಲ್ಲ, ಮುಂದೆ ಹಲವು ಸಂಪುಟಗಳು ಬರುತ್ತವೆ ಎಂದುಕೊಂಡೆ. 2011ರಲ್ಲಿ ‘ಟು ಬ್ರೇವ್ ದ ಸ್ಟಾರ್ಮ್’ ಬಂದು, ಉಳಿದ ವರ್ಷಗಳ ಯುದ್ಧವನ್ನೆಲ್ಲ ಅದೊಂದರಲ್ಲೇ ಮುಗಿಸಿಬಿಟ್ಟಿತು.

ಅದನ್ನು ಓದುವಾಗಿನ ಅನುಭವ ಹೇಳುತ್ತೇನೆ. ಅಧ್ಯಾಯದ ತಲೆಯಲ್ಲಿ ಒಂದು ದಿನಾಂಕ, ಒಂದು ಸ್ಥಳ. ಪುಟ ತಿರುಗಿಸಿದರೆ ತಿಂಗಳುಗಳು ಕಳೆದಿವೆ. ಒಂದು ಗ್ರಹ ಬಿದ್ದಿತೆಂದು ಯಾರೋ ಬಂದು ಹೇಳುತ್ತಾರೆ. ಬೀಳುವುದನ್ನು ನಾವು ಕಾಣುವುದಿಲ್ಲ. ಯುದ್ಧವನ್ನು ತೀರ್ಮಾನಿಸುವ ಚೆರಾನ್ ಕಾಳಗಕ್ಕೆ ವರ್ಷಗಟ್ಟಲೆ ಕಾದವರಿದ್ದರು. ಪಾಂಡವಪುರದಲ್ಲಿ ಅದನ್ನು ಓದಲು ಆರಂಭಿಸಿದವಳು ನಾಗನಹಳ್ಳಿ ಬರುವಷ್ಟರಲ್ಲಿ ಮುಗಿಸಿದ್ದೆ. ಅವಸರವಾಗಿ ಓದಿದೆನೇನೋ ಎಂದು ಹಿಂದಕ್ಕೆ ಹೋಗಿ ಮತ್ತೆ ಓದಿದೆ. ಇಲ್ಲ, ಇದ್ದದ್ದೇ ಅಷ್ಟು. ಆ ಸಂಜೆ ನನಗೆ ನಿಜವಾಗಿಯೂ ದುಃಖವಾಯಿತು.

ಇನ್ನು ‘ಡೀಪ್ ಸ್ಪೇಸ್ ನೈನ್’. ಆ ಧಾರಾವಾಹಿ 1999ರಲ್ಲಿ ಮುಗಿದಾಗಲೂ ನೋವಿತ್ತು, ಆದರೆ ಅದು ಕಥೆಯೇ ಕೊಟ್ಟ ನೋವು. ಬಾಹ್ಯಾಕಾಶ ನಿಲ್ದಾಣವೊಂದರ ನಾಯಕ ಸಿಸ್ಕೋ ತನ್ನ ಬಸುರಿ ಹೆಂಡತಿ ಕಾಸಿಡಿಯನ್ನೂ ಮಗ ಜೇಕ್‌ನನ್ನೂ ಬಿಟ್ಟು ಕಾಲದಾಚೆಗಿನ ಜೀವಿಗಳಾದ ಪ್ರವಾದಿಗಳ ಲೋಕಕ್ಕೆ ಹೋಗುತ್ತಾನೆ. ಬರುತ್ತೇನೆ ಎನ್ನುತ್ತಾನೆ, ಯಾವಾಗ ಎಂದು ಹೇಳಲಾರ. ಜೇಕ್ ಕಿಟಕಿಯ ಬಳಿ ನಿಂತಿದ್ದಾನೆ, ಸಿಸ್ಕೋನ ಬಲಗೈಯಾಗಿದ್ದ ಕಿರಾ ಬಂದು ಅವನ ಪಕ್ಕದಲ್ಲಿ ನಿಲ್ಲುತ್ತಾಳೆ, ಕ್ಯಾಮೆರಾ ಹಿಂದೆ ಸರಿಯುತ್ತ ಸರಿಯುತ್ತ ಆ ಕಿಟಕಿ ಚುಕ್ಕಿಯಾಗುತ್ತದೆ. 2001ರಲ್ಲಿ ಎಸ್. ಡಿ. ಪೆರ್ರಿ ಬರೆದ ‘ಅವತಾರ್’ ಎರಡು ಭಾಗಗಳಲ್ಲಿ ಬಂದಾಗ ಹೊರಟದ್ದು ಆ ಕಿಟಕಿಯಿಂದಲೇ. ಸಿಸ್ಕೋನನ್ನು ತಕ್ಷಣ ಕರೆತರುವ ಅವಸರ ಅದಕ್ಕಿಲ್ಲ. ಅವನ ಖಾಲಿ ಜಾಗ ಹಾಗೆಯೇ ಇರುತ್ತದೆ, ಉಳಿದವರೆಲ್ಲ ಆ ಖಾಲಿಯ ಸುತ್ತ ಬದುಕುವುದನ್ನು ಕಲಿಯುತ್ತಾರೆ. ಅವನು ಹಿಂದಿರುಗುವುದು 2003ರ ‘ಯೂನಿಟಿ’ಯಲ್ಲಿ, ಮಗಳು ಹುಟ್ಟುವ ಹೊತ್ತಿಗೆ. ಕಾಯಿಸಿ ಕೊಟ್ಟದ್ದರಿಂದ ಆ ಸಂತೋಷಕ್ಕೆ ತೂಕ ಬಂತು.

ನಡುವೆ ಬರುವ ಹೊಸಬರೂ ಬರೀ ಪುಟ ತುಂಬಿಸಲು ಬಂದವರಲ್ಲ. ತಾರಾನ್’ಅತಾರ್ ಎಂಬ ಜೆಮ್’ಹಡಾರ್ ಯೋಧನನ್ನು ನಿಲ್ದಾಣದ ಹಳೆಯ ಭದ್ರತಾಧಿಕಾರಿ ಓಡೋ ಕಳುಹಿಸಿದ್ದಾನೆ, ಈ ಜನರ ನಡುವೆ ಇದ್ದು ಅವರನ್ನು ಅರಿಯಲಿ ಎಂದು. ಕೊಲ್ಲುವುದಕ್ಕಾಗಿಯೇ ತಯಾರಾದ ಜೀವ. ಅವನಿಗೆ ನಿದ್ದೆಯಿಲ್ಲ, ಬಿಡುವೆಂದರೇನೆಂದು ತಿಳಿಯದು. ಕೆಲವೇ ತಿಂಗಳ ಹಿಂದಿನತನಕ ಯುದ್ಧದಲ್ಲಿ ತಮ್ಮವರನ್ನು ಕೊಂದ ಕುಲದವನು ಮೂಲೆಯಲ್ಲಿ ನಿಂತು ನೋಡುತ್ತಿದ್ದರೆ ನಿಲ್ದಾಣದ ಜನರಿಗೆ ಹೇಗಾಗಬೇಡ! ಕಿರಾಳ ಕಥೆ ಇನ್ನೂ ಕಠಿಣ. ಧರ್ಮಪೀಠ ಮುಚ್ಚಿಡಬಯಸಿದ ಭವಿಷ್ಯವಾಣಿಯನ್ನು ಜನರ ಮುಂದಿಟ್ಟದ್ದಕ್ಕೆ ಅವಳನ್ನು ಧರ್ಮದಿಂದಲೇ ಹೊರಗಿಡುತ್ತಾರೆ. ಕಿರಾಳನ್ನು ಬಲ್ಲವರಿಗೆ ಗೊತ್ತು, ಅವಳಿಂದ ಬೇರೇನನ್ನು ಕಸಿದರೂ ಇಷ್ಟು ನೋಯುತ್ತಿರಲಿಲ್ಲ. ಪಾತ್ರವನ್ನು ಒಳಗಿನಿಂದ ಬಲ್ಲವರು ಮಾತ್ರ ಹೀಗೆ ಬರೆಯಬಲ್ಲರು.

ಇದೇ ಸಾಲಿಗೆ ಸೇರಿಸಿ ಓದಬೇಕಾದದ್ದು 2000ದಲ್ಲಿ ಬಂದ ‘ಎ ಸ್ಟಿಚ್ ಇನ್ ಟೈಮ್’. ಬರೆದವರು ನಿಲ್ದಾಣದಲ್ಲಿ ದರ್ಜಿಯಾಗಿದ್ದ ಹಳೆಯ ಗೂಢಚಾರ ಗಾರಕ್‌ನ ಪಾತ್ರ ಮಾಡಿದ ನಟ ಆ್ಯಂಡ್ರ್ಯೂ ರಾಬಿನ್ಸನ್. ಹಾಳಾದ ತಾಯ್ನಾಡಿಗೆ ಮರಳಿದ ಗಾರಕ್ ಡಾಕ್ಟರ್ ಬಶೀರ್‌ಗೆ ಬರೆಯುವ ಉದ್ದನೆಯ ಪತ್ರ ಅದು. ಸುಳ್ಳು ಹೇಳುವುದೇ ಸ್ವಭಾವವಾದವನು ಒಬ್ಬ ಗೆಳೆಯನಿಗೆ ಮಾತ್ರ ನಿಜ ಹೇಳಲು ಪ್ರಯತ್ನಿಸುವುದನ್ನು ಓದುವಾಗ ನನಗೆ ಆ ದನಿ ಕಿವಿಯಲ್ಲೇ ಕೇಳುತ್ತಿತ್ತು. ಮೂರೂ ಸಾಲುಗಳಲ್ಲಿ ಒಂದೇ ಪುಸ್ತಕ ಇಟ್ಟುಕೋ ಎಂದರೆ ಇದನ್ನೇ ಇಟ್ಟುಕೊಳ್ಳುತ್ತೇನೆ.

ನಮ್ಮ ತಂದೆ ಗಮಕ ವಾಚನ ಎಲ್ಲಿದ್ದರೂ ಹೋಗುತ್ತಿದ್ದವರು. ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ. ಲಕ್ಷ್ಮೀಶ ಹಾಗೆ ಪೂರೈಸಲು ಹೋಗದೆ, ಯುದ್ಧವಾದ ಮೇಲಿನ ಅಶ್ವಮೇಧವೊಂದನ್ನೇ ಹಿಡಿದು ತನ್ನ ದಾರಿಯಲ್ಲಿ ಹಾಡಿದ. ತಂದೆಯವರ ಬಾಯಲ್ಲಿ ಕುಮಾರವ್ಯಾಸನಾದ ಮೇಲೆ ಬರುತ್ತಿದ್ದದ್ದು ಲಕ್ಷ್ಮೀಶನ ಪದ್ಯಗಳೇ. ‘ಟು ಬ್ರೇವ್ ದ ಸ್ಟಾರ್ಮ್’ ಮತ್ತು ‘ಅವತಾರ್’ ಎರಡನ್ನೂ ಒಂದೇ ವಾರ ಓದಿದಾಗ ನನಗೆ ನೆನಪಾದದ್ದು ಇದು. ಮೊದಲನೆಯದು ಬಾಕಿ ಉಳಿದ ಘಟನೆಗಳ ಪಟ್ಟಿ ಹಿಡಿದು ಮುಗಿಸುತ್ತ ಹೋಗುತ್ತದೆ. ಎರಡನೆಯದು ಬಾಕಿ ಉಳಿದ ಮನುಷ್ಯರ ಜೊತೆ ಕುಳಿತುಕೊಳ್ಳುತ್ತದೆ.

ಆದರೆ ‘ಡೀಪ್ ಸ್ಪೇಸ್ ನೈನ್’ ಸಾಲೂ ಕೊನೆಯತನಕ ಹಾಗೆಯೇ ಇರಲಿಲ್ಲ. 2009ರ ‘ದ ಸೋಲ್ ಕೀ’ ಕಥೆಯನ್ನು ತುದಿಗಾಲಲ್ಲಿ ನಿಲ್ಲಿಸಿತು. 2011ರ ‘ರಫ್ ಬೀಸ್ಟ್ಸ್ ಆಫ್ ಎಂಪೈರ್’ ತೆರೆದರೆ ನಡುವಿನ ವರ್ಷಗಳೇ ಮಾಯ. ಅಷ್ಟು ಕಾದು ಮನೆಗೆ ಬಂದ ಸಿಸ್ಕೋ ಹೆಂಡತಿ ಮಗಳನ್ನು ಬಿಟ್ಟು ಹೋಗಿದ್ದಾನೆ. ಮದುವೆಯಾದರೆ ದುಃಖವನ್ನೇ ಕಾಣುವೆ ಎಂದು ಪ್ರವಾದಿಗಳು ಹಿಂದೆ ಹೇಳಿದ್ದ ಮಾತಿಗೆ ಹೆದರಿ. ಕಾರಣ ಕಥೆಯೊಳಗಿನದೇ, ಒಪ್ಪುತ್ತೇನೆ. ಆದರೆ ತಂದೆಯಾಗಿ ಸಿಸ್ಕೋನನ್ನು ಏಳು ವರ್ಷ ನೋಡಿದವರಿಗೆ ಆ ನಿರ್ಧಾರವನ್ನು ಅವನು ಹೇಗೆ ತೆಗೆದುಕೊಂಡ ಎಂಬುದನ್ನು ಕಣ್ಣೆದುರು ತೋರಿಸಬೇಕಿತ್ತು. ಆಗಿಹೋದ ಸುದ್ದಿಯಂತೆ ಕೇಳಿಸಬಾರದಿತ್ತು. ಅಕ್ಕನ ಮಗಳಿಗೆ ‘ಯೂನಿಟಿ’ ಓದಿ ನಿಲ್ಲಿಸು ಎಂದು ಹೇಳಿದ್ದೇನೆ.

‘ವಾಯೇಜರ್’ ಬಗ್ಗೆ ಹೆಚ್ಚು ಹೇಳುವುದಿಲ್ಲ. 2001ರ ಕೊನೆಯ ಕಂತಿನಲ್ಲಿ ನೌಕೆ ಭೂಮಿಯ ಹತ್ತಿರ ಬರುತ್ತಿದ್ದಂತೆ ಕಥೆ ಮುಗಿಯುತ್ತದೆ. ಏಳು ವರ್ಷ ಊರಿನ ದಾರಿ ಹಿಡಿದವರು ಮನೆಯ ಬಾಗಿಲು ತಟ್ಟುವುದನ್ನು ನೋಡುವ ಭಾಗ್ಯ ನಮಗಿಲ್ಲ. 2003ರ ‘ಹೋಮ್‌ಕಮಿಂಗ್’ ಆ ಬಾಗಿಲನ್ನು ತೆರೆಯುತ್ತದೆ, ಆದರೆ ಬೇಗನೆ ಬೋರ್ಗ್ ಎಂಬ ಅರೆಯಂತ್ರ ಜೀವಿಗಳ ಸೋಂಕಿನ ಗದ್ದಲಕ್ಕೆ ತಿರುಗುತ್ತದೆ. 2007ರಲ್ಲಿ ಬೇರೊಂದು ಸಾಲಿನ ಕಾದಂಬರಿಯೊಳಗೆ ವಾಯೇಜರ್ ನೌಕೆಯ ಕ್ಯಾಪ್ಟನ್ ಜೇನ್‌ವೇಯನ್ನು ಸಾಯಿಸಿದರು. ಅವಳದೇ ಪುಸ್ತಕದಲ್ಲಿಯೂ ಅಲ್ಲ! ಈ ಸಾಲನ್ನು ಎತ್ತಿ ನಿಲ್ಲಿಸಿದವರು ಕರ್ಸ್ಟನ್ ಬೇಯರ್. 2009ರ ‘ಫುಲ್ ಸರ್ಕಲ್’ನಲ್ಲಿ ಅವರು ಆ ಸಾವನ್ನು ಅಳಿಸಲು ಹೋಗದೆ, ಅವಳ ಬಲಗೈಯಾಗಿದ್ದ ಚಕೋಟೇ ಮತ್ತು ಉಳಿದವರು ದುಃಖದಲ್ಲಿ ಹೇಗೆ ಕುಸಿದರೆಂಬುದನ್ನು ಬರೆದರು. ಜೇನ್‌ವೇ ಮರಳಿದ್ದು ಮೂರು ವರ್ಷಗಳ ನಂತರ, 2012ರಲ್ಲಿ. ಟ್ರಿಪ್‌ನ ಪುಸ್ತಕದ ಪಕ್ಕದಲ್ಲಿ ಇದನ್ನಿಟ್ಟು ಓದಿದರೆ ಸತ್ತವರನ್ನು ಬದುಕಿಸುವುದರಲ್ಲಿಯೂ ಎಷ್ಟು ಅಂತರವಿದೆ ಎಂದು ಕಾಣುತ್ತದೆ.

‘ಎಂಟರ್‌ಪ್ರೈಸ್’ ಸಾಲಿಗೂ ಹೀಗೊಬ್ಬರು ಸಿಕ್ಕರು ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಕ್ರಿಸ್ಟೋಫರ್ ಎಲ್. ಬೆನೆಟ್ 2013ರಿಂದ 2017ರ ತನಕ ‘ರೈಸ್ ಆಫ್ ದ ಫೆಡರೇಷನ್’ ಎಂಬ ಐದು ಕಾದಂಬರಿಗಳನ್ನು ಬರೆದರು. ಆರ್ಚರ್ ಅಡ್ಮಿರಲ್, ಟಿ’ಪಾಲ್ ಮತ್ತು ರೀಡ್ ತಮ್ಮತಮ್ಮ ನೌಕೆಗಳ ಕ್ಯಾಪ್ಟನ್‌ಗಳು. ಬೇರೆಬೇರೆ ಲೋಕದವರು ಒಂದು ಒಕ್ಕೂಟವಾಗಿ ಬಾಳುವುದು ಎಷ್ಟು ಕಷ್ಟ ಎಂಬುದೇ ಅದರ ವಸ್ತು. ಸಭೆ, ಚರ್ಚೆ ಹೆಚ್ಚು, ಕೆಲವೆಡೆ ಪಾಠದಂತಾಗುತ್ತದೆ. ಆದರೂ ಆರ್ಚರ್ ಮತ್ತೆ ಆರ್ಚರ್‌ನಂತೆ ಮಾತನಾಡುತ್ತಾನೆ. ಅಷ್ಟಕ್ಕೇ ನಾನು ಐದನ್ನೂ ಬಿಡದೆ ಓದಿದೆ.

ಇವೆಲ್ಲಕ್ಕೂ ಮೇಲೆ ಒಂದು ಕಲ್ಲು ಬಿತ್ತು. ಸ್ಟಾರ್ ಟ್ರೆಕ್‌ನಲ್ಲಿ ತೆರೆಯ ಮೇಲೆ ಬಂದದ್ದೇ ಅಧಿಕೃತ, ಪುಸ್ತಕದಲ್ಲಿರುವುದು ಅಲ್ಲ. 2020ರಲ್ಲಿ ‘ಪಿಕಾರ್ಡ್’ ಧಾರಾವಾಹಿ ಬೇರೆಯದೇ ಚರಿತ್ರೆಯನ್ನು ಹೇಳಿತು. ಕಾದಂಬರಿಗಳು ಇಪ್ಪತ್ತು ವರ್ಷ ಕಟ್ಟಿದ ಲೋಕಕ್ಕೆ ಜಾಗವಿಲ್ಲದಾಯಿತು. 2021ರಲ್ಲಿ ‘ಕೋಡಾ’ ಎಂಬ ಮೂರು ಪುಸ್ತಕಗಳಲ್ಲಿ ಲೇಖಕರೇ ಆ ಲೋಕವನ್ನು ಮುಗಿಸಿದರು. ಮುಗಿಸಲೇಬೇಕಾದಾಗ ತಮ್ಮ ಕೈಯಾರೆ ಮುಗಿಸಿದ್ದು ದೊಡ್ಡತನ ಎನ್ನುವವರಿದ್ದಾರೆ. ನನಗೆ ಹಾಗನ್ನಿಸಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಸಾಯುವುದನ್ನು ಓದುತ್ತ ಹೋದಂತೆ, ಒಪ್ಪವಾಗಿ ಬೆಳೆದ ಗದ್ದೆಗೆ ಯಾರೋ ದನ ನುಗ್ಗಿಸಿದಂತೆ ಸಂಕಟವಾಯಿತು. ಆ ಮೂರನ್ನು ಅವಳಿಗೆ ಕೊಡುವುದಿಲ್ಲ.

ಕಳೆದ ಭಾನುವಾರ ಕುವೆಂಪುನಗರಕ್ಕೆ ಹೋಗಿ ‘ಅವತಾರ್’ನ ಎರಡು ಭಾಗಗಳನ್ನೂ ಗಾರಕ್‌ನ ಪತ್ರವನ್ನೂ ಕೊಟ್ಟು ಬಂದೆ. ‘ಟ್ರಿಪ್ ಬದುಕಿರುವ ಪುಸ್ತಕ ಎಲ್ಲಿ ಚಿಕ್ಕಮ್ಮ?’ ಎಂದು ಚೀಲದೊಳಗೆ ಹುಡುಕಿದಳು. ಅದನ್ನೂ ತಂದಿದ್ದೆ. ಕೊನೆಗೆ ಓದು ಎಂದು ಕೈಗಿಟ್ಟೆ. ಅವಳು ಅಲ್ಲಿಯೇ ನಿಂತುಕೊಂಡು ಅದರ ಮೊದಲ ಪುಟ ತೆರೆದಳು.